ಏರುದಾರಿಯ ಮೊಳೆ

ಕಾಫಿ ಗಿಡಗಳ ಮರೆಯಿಂದ ನಾಬೊರ್ ಹಾರಿದ ರಭಸಕ್ಕೆ ಎದುರು ಬೆಟ್ಟದ ಹಕ್ಕಿಗಳೆಲ್ಲ ಜಿಲ್ಲೆ ಬಿಟ್ಟೇ ಓಡಿಹೋದವು. ಮುದುಕ ಆರ್ಸೆಸಿಯೊನ ಕೈ ಅವನ ಮುಷ್ಟಿಗೆ ಸಿಕ್ಕಿತ್ತು. ಆ ಕೈತುಂಬ ಮೊಳೆಗಳು.

“ಸಿಕ್ಕಿಬಿದ್ಯಾ ಅಜ್ಜ! ಟಾರು ರಸ್ತೇಲಿ ಏನು ಬಿತ್ತನೆ ಮಾಡ್ತಿದ್ದೆ? ಯಾವಾಗ ಕೊಯ್ಲು?”

ಮುದುಕ ಕೊಸರಾಡಲಿಲ್ಲ. ತಿರುವಿನಲ್ಲಿ ನಿಲ್ಲಿಸಿದ್ದ ಜೀಪಿನ ಗಾಲಿಗಳನ್ನೇ ನೋಡುತ್ತಿದ್ದ.

“ಮತ್ತೆ ಬೋಳು ಟೈರು ಹಾಕ್ಕೊಂಡು ಬಂದಿದ್ದೀಯಲ್ಲೋ,” ಎಂದ.

ನಾಬೊರ್ ಅಂದರೆ ಸಾಮಾನ್ಯನೇ? ಕೊಲಂಬಿಯಾದ ಘಟ್ಟಗಳಲ್ಲಿ ಅವನಂಥ ಡ್ರೈವರ್ ಇನ್ನೊಬ್ಬ ಹುಟ್ಟಿರಲಿಲ್ಲ; ಹುಟ್ಟಿದ್ದರೆ ಇವನನ್ನು ಕಂಡು ನಾಚಿ ಕತ್ತೆ ಕಾಯಲು ಹೋಗಿರುತ್ತಿದ್ದ. ಅವನ ಬಾಡಿಗೆ ಜೀಪಿನಲ್ಲಿ ಕಾಫಿ ಮೂಟೆ, ಬಾಳೆಗೊನೆ, ಊರಿನ ಅರ್ಧ ಜನ, ಒಮ್ಮೆಯಂತೂ ಇಡೀ ಮದುವೆ ದಿಬ್ಬಣವೇ ವಾದ್ಯದವರ ಸಮೇತ ಹಿಡಿಸಿತ್ತು. ಅಂಥವನನ್ನು ಉಗುರಿನಷ್ಟು ಮೊಳೆ ನಿಲ್ಲಿಸುತ್ತಿತ್ತು. ಅದೂ ಯಾವಾಗಲೂ ಏರಿನಲ್ಲೇ, ಘಟ್ಟದ ನೆತ್ತಿ ಇನ್ನೇನು ಬಂತು ಅನ್ನುವಾಗ. ನೆತ್ತಿಯ ಮೇಲೆ ಯಾರ ಅಂಗಡಿ? ಆರ್ಸೆಸಿಯೊನ ಟೈರ್ ಅಂಗಡಿ. ಅದರಾಚೆ ಪೇಟೆಯವರೆಗೂ ಬರೀ ಇಳಿಜಾರು.

ಪ್ಯಾಚ್ ಹಾಕು ಅಂದರೆ ಮುದುಕ ಹಾಕುತ್ತಿರಲಿಲ್ಲ. “ಈ ಬಾಳೆ ಸಿಪ್ಪೆಗಾ? ಬದಲಾಯಿಸು.” ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕಿ ಏರಿಸಿ, ರಾಶಿಯಲ್ಲಿ ಹುಡುಕಿ ಹುಡುಕಿ, ಗೆರೆ ಆಳವಿರುವ ಸೆಕೆಂಡ್‌ಹ್ಯಾಂಡ್ ಟೈರೊಂದನ್ನು ತೆಗೆದು ಹಾಕುವನು. ನಟ್ಟುಗಳನ್ನು ಸಾಲಾಗಿ ಬಿಗಿಯದೆ ಎದುರುಬದುರಾಗಿ ಬಿಗಿಯುವನು, ಕೂಸಿನ ಅಂಗಿಗೆ ಗುಂಡಿ ಹಾಕಿದಷ್ಟು ಜೋಪಾನವಾಗಿ. ಬೆಲೆ? ಒಂದು ಬಾಳೆಗೊನೆ ಇಳಿಸಿದರೂ ನಡೆಯುತ್ತಿತ್ತು. ಅಷ್ಟು ಅಗ್ಗಕ್ಕೆ ಕದ್ದ ಮಾಲನ್ನೂ ಯಾರೂ ಮಾರುವುದಿಲ್ಲ.

ನಾಬೊರ್ ದಡ್ಡನೇ? ಪೇಟೆಗಿಳಿದವನೇ ಆ ಟೈರನ್ನು ದುಪ್ಪಟ್ಟು ಬೆಲೆಗೆ ಮಾರಿ, ಹಳೆಯದಕ್ಕೇ ಪ್ಯಾಚ್ ಹಾಕಿಸಿ ಮತ್ತೆ ಏರಿಸಿಕೊಳ್ಳುತ್ತಿದ್ದ.

“ನಿನ್ನ ತಲೆಗಿಂತ ಬೋಳಾಗಿದೆ ನೋಡು,” ಎಂದು ಹೆಂಡತಿ ಒಟೀಲಿಯ ಛೇಡಿಸುವಳು.

“ನನ್ನ ತಲೆ ಇನ್ನೂ ಓಡ್ತಿಲ್ವೇನೇ? ಅದೂ ಓಡ್ತದೆ ಬಿಡು.”

ಮುದುಕನನ್ನು ಊರ ಚೌಕಕ್ಕೆ ಎಳೆತಂದಾಗ ನಾಬೊರ್‌ನ ಗಂಟಲು ಚರ್ಚಿನ ಗಂಟೆಯನ್ನೂ ಮೀರಿಸಿತು.

“ನೋಡ್ರಪ್ಪಾ, ಕಳ್ಳತನದಲ್ಲೂ ಜಿಪುಣತನ! ನೆಟ್ಟಗಿರೋ ಉದ್ದ ಮೊಳೆ ತರೋಕೂ ಮನಸ್ಸು ಬಂದಿಲ್ಲ, ಚಪ್ಪಲಿಗೆ ಹೊಡೆಯೋ ಮೋಟು ಮೊಳೆ! ನಮ್ಮ ಡಾಕ್ಟರಮ್ಮ ದಿನಾ ಇದೇ ಘಟ್ಟ ಹತ್ತಿ ಹೋಗ್ತಾರಲ್ಲ, ಅವರ ಹೊಸ ಕಾರಿಗೆ ಒಂದು ದಿನ ಚುಚ್ಚಿದೆಯಾ? ಬಡವರಿಗೆ ಮೊಳೆ, ದೊಡ್ಡವರಿಗೆ ಪೊರಕೆ! ಅವರು ಬರೋ ಹೊತ್ತಿಗೆ ಗುಡಿಸಿಡ್ತಾನೆ!”

“ಹಾಕಿದ್ದು ನಾನೇ,” ಎಂದ ಆರ್ಸೆಸಿಯೊ. “ಕೂಗಿ ಕರೆದ್ರೆ ನೀವ್ಯಾರು ನಿಲ್ತಿದ್ರಿ?”

“ಕೇಳಿದ್ರಾ? ಗಿರಾಕಿ ಹಿಡಿಯೋಕೆ ಹಾಕಿದೆ ಅಂತ ಬಾಯಿಬಿಟ್ಟ!”

ಊರವರು ನುಗ್ಗಿದ ಮೇಲೆ ಅಂಗಡಿಯ ತಗಡು ಒಂದೂ ಉಳಿಯಲಿಲ್ಲ. ಮುದುಕ ಒಂದು ಚೀಲ ಹೆಗಲಿಗೇರಿಸಿ ನಡೆದೇ ಇಳಿದುಹೋದ. ನಾಬೊರ್ ತಾನೇ ಪೊರಕೆ ಹಿಡಿದು, ರಾಣಿ ಬರುವಳೇನೋ ಎಂಬಂತೆ ಏರುದಾರಿಯನ್ನೆಲ್ಲ ಗುಡಿಸಿದ.

ಮೊದಲ ಮಳೆ ಬಿದ್ದ ದಿನ ಒಟೀಲಿಯ ಪೇಟೆಯಲ್ಲಿದ್ದ ತಂಗಿಯ ಬಾಣಂತನಕ್ಕೆ ಹೊರಟಳು. ಮಡಿಲಲ್ಲಿ ಕೋಳಿಯ ಬುಟ್ಟಿ. ಜೀಪು ಎಲ್ಲೂ ನಿಲ್ಲದೆ ನೆತ್ತಿ ಮುಟ್ಟಿತು. ಮುರಿದ ಅಂಗಡಿಯ ಮುಂದೆ ನಾಬೊರ್ ಒತ್ತಿದ ಹಾರ್ನ್ ಸಮುದ್ರದ ಮೀನಿಗೂ ಕೇಳಿಸಿರಬೇಕು.

“ನೋಡಿದ್ಯೇನೇ? ಒಂದು ಮೊಳೆ ಇಲ್ಲ! ರಾಜನ ಥರ ದಾಟಿಸಿದೆ.”

“ರಾಜರೇ, ಸ್ವಲ್ಪ ನಿಧಾನ,” ಎಂದಳು ಒಟೀಲಿಯ, ನಗುತ್ತಲೇ.

ಇಳಿಜಾರಿನ ತಿರುವಿನಲ್ಲಿ ಬ್ರೇಕು ಒತ್ತಿದ. ಗಾಲಿಗಳು ನಿಂತವು. ಜೀಪು ನಿಲ್ಲಲಿಲ್ಲ. ಇದಕ್ಕೆ ಬಣ್ಣ ಕಟ್ಟಿ ಹೇಳುವಂಥದ್ದು ಏನೂ ಇಲ್ಲ. ಒಟೀಲಿಯಳ ಹೆಣವನ್ನು ಕಮರಿಯಿಂದ ಮೇಲೆ ತರುವಷ್ಟರಲ್ಲಿ ಸಂಜೆಯಾಗಿತ್ತು.

ಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನ ಹಣೆಗೆ ಹೊಲಿಗೆ ಹಾಕುತ್ತಿದ್ದರು.

“ಇದೆಲ್ಲ ಆ ಮುದುಕನ ಶಾಪ,” ಎಂದು ನಾಬೊರ್ ಬಿಕ್ಕಿದ. “ನಮ್ಮಂಥವರನ್ನ ಕಂಡ್ರೆ ಅವನಿಗೆ ಹಗೆ. ನಿಮಗಾದ್ರೆ ದಾರಿ ಗುಡಿಸಿ ಕೊಡ್ತಿದ್ದ.”

ಡಾಕ್ಟರಮ್ಮ ಸೂಜಿ ಕೆಳಗಿಟ್ಟರು.

“ನನಗೆ ಯಾರೂ ಗುಡಿಸಿ ಕೊಟ್ಟಿಲ್ಲ ನಾಬೊರ್. ದಿನಾ ಆ ಮೊಳೆಗಳ ಮೇಲೇ ಹತ್ತಿ ಬರ್ತಿದ್ದೆ, ಮನೆಗೆ ಹೋಗಿ ಟೈರಿಂದ ಕಿತ್ತು ಬಿಸಾಡ್ತಿದ್ದೆ. ಅಷ್ಟು ಮೋಟು ಮೊಳೆ ದಪ್ಪ ರಬ್ಬರ್ ದಾಟಿ ಒಳಗಿಳಿಯಲ್ಲ. ಇಳಿಜಾರಿಗೆ ಮುಂಚೆ ಅದು ನಿಲ್ಲಿಸ್ತಿದ್ದದ್ದು ಬೋಳು ಟೈರನ್ನ ಮಾತ್ರ.”