ಒತ್ತಕ್ಷರ ಬಾರದ ಯಂತ್ರ

ಪತ್ರ ವಿಂಗಡಿಸುವ ಹೊಸ ಯಂತ್ರಕ್ಕೆ ಒತ್ತಕ್ಷರ ಓದಲು ಬರುತ್ತಿರಲಿಲ್ಲ. ಯಂತ್ರವನ್ನು ತಿದ್ದುವ ಬದಲು ಸರ್ಕಾರ ಜನರ ಹೆಸರುಗಳನ್ನೇ ತಿದ್ದಿತು. ಇಪ್ಪತ್ತು ವರ್ಷ ಕೈಯಿಂದಲೇ ಪತ್ರ ವಿಂಗಡಿಸಿದ್ದ ನಿಂಗವ್ವ ದಾಖಲೆಯಲ್ಲಿ 'ನಿಂಗವ' ಆದಳು. ಮೇಲ್ವಿಚಾರಕ ಮಲ್ಲಪ್ಪ, ಪಾಪ, ಮಲಪನಾದ.

ಅಂದು ಯಂತ್ರ ಕಸಕ್ಕೆ ಉಗುಳಿದ ರಾಶಿಯಲ್ಲಿ ನಿಂಗವ್ವನಿಗೆ ತನ್ನ ತಾಯಿಯ ಕೈಬರಹ ಕಂಡಿತು. ಮುದುಕಿ ಮಗಳ ಪೂರ್ತಿ ಹೆಸರು ಬರೆದಿದ್ದಳು.

"ಮುಟ್ಟಬ್ಯಾಡ," ಎಂದ ಮೇಲ್ವಿಚಾರಕ. "ಆ ಹೆಸರಿನವರು ಯಾರೂ ಇಲ್ಲಂತ ಯಂತ್ರ ಹೇಳೈತಿ."

"ನಿಮ್ಮೆದುರಿಗೇ ನಿಂತೀನಲ್ರೀ!"

"ಯಂತ್ರ ತಪ್ಪು ಮಾಡೂದಿಲ್ಲ."

"ಒಂದನೇ ಇಯತ್ತೆ ದಾಟದ್ದನ್ನ ತಂದು ಸಾಹೇಬನ್ನ ಮಾಡೀರಿ," ಎಂದು ಮೂಗು ಮುರಿದ ನಿಂಗವ್ವ ರಾಶಿಯನ್ನೆಲ್ಲ ಉಡಿಗೆ ತುಂಬಿಕೊಂಡು ಹಂಚಲು ಹೊರಟಳು.

ಪೊಲೀಸರನ್ನು ಕರೆಸುತ್ತೇನೆಂದು ಕೂಗುತ್ತ ಅವನು ಬಾಗಿಲವರೆಗೂ ಬೆನ್ನಟ್ಟಿ ಬಂದ. ಅಲ್ಲಿ ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ನಿಂಗವ್ವಾ, ಅದರಾಗ ಮಲ್ಲಪ್ಪಗ ಏನರ ಬಂದೈತೇನ, ನೋಡವಾ."