ಬಳಪದ ಧೂಳು

ಖೊಕ್.

ಒಂದೇ ಒಂದು ಕೆಮ್ಮು. ರಾತ್ರಿ ಎರಡು ಗಂಟೆಯ ಐಸಿಯುನಲ್ಲಿ ಅಷ್ಟು ಸಣ್ಣ ಸದ್ದು ಯಾರ ಕಿವಿಗೂ ಬಿದ್ದಿರಲಾರದೆಂದುಕೊಂಡು ನರ್ಸ್ ಜಾರಿದ ಮಾಸ್ಕನ್ನು ಮೂಗಿನ ಮೇಲೆ ಎಳೆದುಕೊಂಡಳು. ಎರಡು ದಿನದಿಂದ ಕೆಮ್ಮನ್ನು ಗಂಟಲಲ್ಲೇ ಅದುಮಿಟ್ಟುಕೊಂಡು, ರೋಗಿಗಳ ಕಫ ಎಳೆಯುವ ಯಂತ್ರ ಗೊರಗುಟ್ಟುವಾಗ ಮಾತ್ರ ಕೆಮ್ಮುತ್ತಿದ್ದಳು. ಈ ಸಲ ಯಂತ್ರದ ಗುಂಡಿ ಒತ್ತುವ ಮೊದಲೇ ಕೆಮ್ಮು ನುಗ್ಗಿಬಂದಿತ್ತು.

ನಾಲ್ಕನೇ ಹಾಸಿಗೆಯ ಮೇಷ್ಟ್ರು ಕಣ್ಣು ಬಿಟ್ಟರು. ಗಂಟಲಿಗೆ ಕೊಳವೆ ಇಟ್ಟಿದ್ದರಿಂದ ಅವರ ಮಾತೆಲ್ಲ ಮಗಳು ತಂದುಕೊಟ್ಟಿದ್ದ ಸ್ಲೇಟಿನ ಮೇಲೆ. 'ನಿನಗೂ ಶುರುವಾಯ್ತಾ?' ಎಂದು ಬರೆದರು.

"ಅಯ್ಯೋ, ನಿಮ್ಮ ಬಳಪದ ಧೂಳು ಮೇಷ್ಟ್ರೇ."

'ಮೂವತ್ತು ವರ್ಷ ಪರೀಕ್ಷೆಗೆ ಕಾವಲು ನಿಂತವನು ನಾನು. ಕಳ್ಳಕೆಮ್ಮು ಗೊತ್ತಾಗುತ್ತೆ. ಮನೆಗೆ ಹೋಗಮ್ಮ.'

ಅವಳಿಗೆ ನಗು ಬಂತು, ಬೆನ್ನಲ್ಲೇ ಭಯವೂ. "ಆಗ್ಲೇ ಇಬ್ರು ಸಿಸ್ಟರ್‌ಗಳು ಜ್ವರ ಅಂತ ಮನೇಲಿ ಮಲಗಿದಾರೆ. ನಾನೂ ಹೋದ್ರೆ ಆರು ಜನರನ್ನ ನೋಡೋಕೆ ಒಬ್ಳೇ ಉಳೀತಾಳೆ. ಅದೂ ಅಲ್ದೆ..." ದನಿ ತಗ್ಗಿತು. "ಈ ವಾರ ಕಾಯಂ ಆಗೋರ ಪಟ್ಟಿ ಬರುತ್ತೆ. ರಜ ಹಾಕಿದ್ರೆ ನನ್ನ ಹೆಸರು ಬಿಟ್ಟೋಗುತ್ತೆ. ಯಾರಿಗೂ ಹೇಳ್ಬೇಡಿ."

ಮೇಷ್ಟ್ರು ಗಂಟಲಿನ ಕೊಳವೆಯನ್ನು ಬೆರಳಿನಿಂದ ತೋರಿಸಿ, ಹೇಗೆ ಹೇಳಲಿ ಎಂಬಂತೆ ಹುಬ್ಬು ಹಾರಿಸಿದರು.

ಸೋಮವಾರ ಅವರನ್ನು ವಾರ್ಡಿಗೆ ಕಳಿಸುವುದಿತ್ತು. ಭಾನುವಾರ ಜ್ವರ ಏರಿತು. ಸೋಮವಾರ ಬೆಳಿಗ್ಗೆ ಉಸಿರು ಸಾಲದೆ, ತೆಗೆದಿದ್ದ ವೆಂಟಿಲೇಟರ್ ಮತ್ತೆ ಹಾಸಿಗೆಯ ಪಕ್ಕಕ್ಕೆ ಬಂತು. ಪರೀಕ್ಷೆಯಲ್ಲಿ ವೈರಸ್ ಸಿಕ್ಕಿತ್ತು.

"ಒಳಗೆ ಮಲಗಿದ್ದೋರಿಗೆ ಇದೆಲ್ಲಿಂದ ಬಂತು?" ಡಾಕ್ಟರು ಕಾಲ ಬಳಿ ನಿಂತು ಕೇಳಿದರು. "ಜ್ವರ ಬಂದ ಇಬ್ರೂ ವಾರದಿಂದ ರಜದಲ್ಲಿದಾರೆ. ಡ್ಯೂಟಿಲಿರೋರಿಗೆ ಯಾರಿಗೂ ಏನೂ ಇಲ್ಲ ಅಲ್ವಾ ಸಿಸ್ಟರ್?"

ಮೇಷ್ಟ್ರು ಅವಳನ್ನೇ ನೋಡುತ್ತಿದ್ದರು.

"ಇಲ್ಲ ಸರ್."

"ಗುರುವಾರ ಮಗಳು ಬಂದಿದ್ರಲ್ಲ, ಅವರೇ ತಂದಿರ್ತಾರೆ. ಇನ್ಮೇಲೆ ಅವರನ್ನ ಒಳಗೆ ಬಿಡ್ಬೇಡಿ. ನಿದ್ದೆ ಇಂಜೆಕ್ಷನ್ ರೆಡಿ ಮಾಡಿ."

ಅವಳು ಇಂಜೆಕ್ಷನ್ ತುಂಬಿಕೊಂಡು ಬರುವಷ್ಟರಲ್ಲಿ ಮೇಷ್ಟ್ರು ಏನೋ ಗೀಚಿ ಮುಗಿಸಿದ್ದರು. ಅವರ ರೆಪ್ಪೆ ಮುಚ್ಚಿದ ಮೇಲೆ ಸ್ಲೇಟನ್ನು ಎತ್ತಿ ನೋಡಿದಳು. ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದರೂ ಒಂದು ಒತ್ತೂ ತಪ್ಪಿರಲಿಲ್ಲ: 'ಮಗಳಿಂದ ಬಂದದ್ದಲ್ಲ.' ಅಷ್ಟೇ. ಯಾರಿಂದ ಎಂದು ಬರೆದಿರಲಿಲ್ಲ.

ಗಾಜಿನ ಬಾಗಿಲಿನ ಆಚೆ ಮಗಳು ನಿಂತಿದ್ದಳು. ನರ್ಸ್ ಸ್ಲೇಟನ್ನು ಬೆನ್ನ ಹಿಂದೆ ಹಿಡಿದು, ಬಾಗಿಲನ್ನು ಒಂದು ಗೇಣು ತೆರೆದಳು.

"ಸಿಸ್ಟರ್, ನನ್ನಿಂದ್ಲೇ ಬಂದಿರ್ಬೇಕು ಅಂದ್ರು ಡಾಕ್ಟರು. ಅವತ್ತು ನಾನು ಸೀನಿದ್ನಾ ಅಂತ ನೆನಪು ಮಾಡ್ಕೋತಾನೇ ಇದೀನಿ. ಸೀನಿಲ್ಲ ಅನ್ಸುತ್ತೆ... ಸೀನಿದ್ನೇನೋ. ಅಪ್ಪ ಏನಾದ್ರೂ ಬರೆದ್ರಾ?"

ಬೆನ್ನ ಹಿಂದೆ ಗ್ಲೌಸಿನ ಅಂಗೈ ಸ್ಲೇಟಿನ ಮೇಲೆ ಒಮ್ಮೆ, ಮತ್ತೊಮ್ಮೆ ಸರಿಯಿತು. ಇನ್ನು ಇದು ಯಾರಿಗೂ ಗೊತ್ತಾಗುವುದು ಬೇಡ.

"ಏನೂ ಬರೀಲಿಲ್ಲಮ್ಮ."

ಮಗಳು ತಲೆಯಾಡಿಸಿದಳು. ಬ್ಯಾಗಿನಿಂದ ಇನ್ನೊಂದು ಮಾಸ್ಕ್ ತೆಗೆದು, ಹಾಕಿಕೊಂಡಿದ್ದ ಮಾಸ್ಕಿನ ಮೇಲೆಯೇ ಕಟ್ಟಿಕೊಂಡು, ಬಾಗಿಲಿನಿಂದ ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತಳು.