ಅಮ್ಮ ಪೂಜೆಗೆ ಕೊಟ್ಟ ಪುಸ್ತಕ

ಕೋಲ್ಕತ್ತದ ಡಮ್ ಡಮ್ ಬಜಾರಿನಲ್ಲಿ ಎಲಚಿಹಣ್ಣಿನ ಹುಳಿವಾಸನೆ ಬಂದರೆ ನನಗೆ ಈಗಲೂ ಭೌತಶಾಸ್ತ್ರ ನೆನಪಾಗುತ್ತದೆ.

ನಾನಾಗ ಹನ್ನೊಂದನೇ ತರಗತಿ. ಹತ್ತರವರೆಗೆ ಸಲೀಸಾಗಿದ್ದ ಓದು ಆ ವರ್ಷ ಕಬ್ಬಿಣದ ಕಡಲೆಯಾಗಿತ್ತು. ಪರೀಕ್ಷೆಗೆ ಎಂಟು ದಿನವಿದೆ ಎನ್ನುವಾಗ ಸರಸ್ವತಿ ಪೂಜೆ ಬಂತು. ನಮ್ಮ ಓಣಿಯಲ್ಲಿ ಓದುವ ಮಕ್ಕಳೆಲ್ಲ ತಮಗೆ ಕಷ್ಟವಾದ ಪುಸ್ತಕವನ್ನು ದೇವಿಯ ಪಾದದ ಬಳಿ ಇಡುತ್ತಿದ್ದರು. ಮರುದಿನದವರೆಗೆ ಅದನ್ನು ಮುಟ್ಟುವಂತಿರಲಿಲ್ಲ. ಪಕ್ಕದ ಮನೆಯ ಬಂಗಾಳಿ ಚಿಕ್ಕಮ್ಮ, ನಮ್ಮೆಲ್ಲರ ಮಾಶಿಮಾ, ಪುಸ್ತಕ ಒಯ್ಯಲು ಬಾಗಿಲಲ್ಲಿ ನಿಂತಿದ್ದರು.

"ಫಿಸಿಕ್ಸ್ ಮಾತ್ರ ಕೊಡಲ್ಲಮ್ಮ. ಒಂದು ದಿನ ಹೋದ್ರೂ ನಾನು ಫೇಲ್," ಎಂದೆ.

ಅಮ್ಮ ಬೈಯಲಿಲ್ಲ. ಮೈಸೂರಿನಿಂದ ತಂದಿದ್ದ ತನ್ನ ಟ್ರಂಕು ತೆರೆದು, ಕಂದು ರಟ್ಟಿನ ಹಳೆಯ ಪುಸ್ತಕವೊಂದನ್ನು ಮಾಶಿಮಾ ಕೈಗಿತ್ತಳು.

"ನೀನು ಓದ್ಕೋ. ಇದನ್ನಂತೂ ಯಾರೂ ಓದ್ತಿಲ್ಲ," ಎಂದಳು.

ಮರುದಿನ ಮಧ್ಯಾಹ್ನ ನಾನೇ ಹೋಗಿ ಅದನ್ನು ತಂದೆ. ಜೊತೆಗೆ ಒಂದು ಹಿಡಿ ಪ್ರಸಾದದ ಎಲಚಿಹಣ್ಣು. ಕುಂಕುಮ ಅಂಟಿದ್ದ ರಟ್ಟು ತೆರೆದರೆ, ಅದು ಎರಡನೇ ಪಿಯುಸಿಯ ಭೌತಶಾಸ್ತ್ರ. ಒಳಗೆ ಅಮ್ಮನ ಹಾಲ್ ಟಿಕೆಟ್ ಇತ್ತು. ಫೋಟೋದಲ್ಲಿ ಎರಡು ಜಡೆಯ ಹುಡುಗಿ. ಆರು ವಿಷಯಗಳಲ್ಲಿ ಮೊದಲೆರಡರ ಎದುರು ಮಾತ್ರ ಮೇಲ್ವಿಚಾರಕರ ಸಹಿ.

"ಉಳಿದಿದ್ದು ಯಾಕೆ ಬರೀಲಿಲ್ಲ?"

"ಮದುವೆಗೆ ಅಂತ ನಿಮ್ಮಪ್ಪಂಗೆ ರೈಲ್ವೇಲಿ ರಜ ಸಿಕ್ಕಿದ್ದು ಅದೇ ವಾರ," ಎಂದು ಅಮ್ಮ ಹಣ್ಣು ತೊಳೆಯತೊಡಗಿದಳು. "ತಿಂದು ಓದ್ಕೋ ಹೋಗು."

ಮುಂದಿನ ವರ್ಷ ಮಾಶಿಮಾ ಬಾಗಿಲಿಗೆ ಬಂದಾಗ ಟ್ರಂಕು ತೆರೆದು ಅಮ್ಮನ ಪುಸ್ತಕವನ್ನು ಅವರ ಕೈಗಿತ್ತದ್ದು ನಾನು.